ಬಗ್ಗಿಯ ನಾಯಿಕೆಮ್ಮು

ಬಾಯಿ ಮೊಸರಾದರೆ ಕೈ ಕೆಸರು. ಹಿರಿಯರು ಇದನ್ನು ತಿರುವುಮುರುವಾಗಿ ಹೇಳಿ ಹೋಗಿದ್ದಾರೆ ನಿಜ. ಆದರೆ ಪಾಪ, ಅವರು ನೈಟ್ರೋ ಇಂಧನದಲ್ಲಿ ಓಡುವ ಆಟದ ಬಗ್ಗಿ ಗಾಡಿ ನೋಡಿದವರಲ್ಲ. ಈ ಕಥೆಯಲ್ಲಿ ಮೊದಲು ಮಜಾ ಮಾಡಿದ್ದು ಬಾಯಿ, ಆಮೇಲೆ ಮೆತ್ತಿಕೊಂಡದ್ದು ಕೈ. ಇದು ಅಪ್ಪಟ ನಿಜ. ಎಲ್ಲಾದರೂ ಸುಳ್ಳಿನ ಹಾಗೆ ಕಂಡರೆ ಅಲ್ಲಿ ನಿಜ ಸ್ವಲ್ಪ ಜಾಸ್ತಿ ಬಿದ್ದಿದೆ ಎಂದುಕೊಳ್ಳಬೇಕು, ಅಷ್ಟೆ.

ಆ ಬಾಯಿ ಬಸ್ ನಿಲ್ದಾಣದ ಅನೌನ್ಸರನದು. ಬೆಳಗಿನಿಂದ ಮಧ್ಯಾಹ್ನದವರೆಗೆ ಗಾಜಿನ ಗೂಡಿನಲ್ಲಿ ಕೂತು "ಪ್ರಯಾಣಿಕರ ಗಮನಕ್ಕೆ" ಎನ್ನುವುದು ಅವನ ಕೆಲಸ. ಗಮನ ಕೊಡದಿರುವುದು ಪ್ರಯಾಣಿಕರ ಕೆಲಸ. ಬೇಸರ ಕಳೆಯಲು ಅವನು ಬಸ್ಸುಗಳನ್ನೇ ಬಾಯಿಪಾಠ ಮಾಡಿದ್ದ. ಮುದಿ ಬಸ್ಸು ಚಳಿಯಲ್ಲಿ ಸ್ಟಾರ್ಟ್ ಆಗುವುದು, ಏರಿನಲ್ಲಿ ಗೇರು ಬೀಳದೆ ಗೊಣಗುವುದು, ಬಾಗಿಲು ಉಸ್ಸೆಂದು ಮುಚ್ಚಿಕೊಳ್ಳುವುದು, ಎಲ್ಲವೂ ಅವನ ಗಂಟಲಿನಲ್ಲಿದ್ದವು. ಒಮ್ಮೆ ಮೈಕು ಆರಿಸಲು ಮರೆತು ಒಂದು ಬಸ್ಸನ್ನು ಬಾಯಲ್ಲೇ ಹೊರಡಿಸಿಬಿಟ್ಟ. ಟೀ ಕುಡಿಯುತ್ತಿದ್ದ ಹನ್ನೆರಡು ಜನ ಲೋಟ ಬಿಸಾಕಿ ಓಡಿಬಂದು, ನಿಂತಲ್ಲೇ ನಿಂತಿದ್ದ ಬಸ್ಸಿಗೆ ಏದುಸಿರು ಬಿಡುತ್ತ ಹತ್ತಿದರು. ಅದರ ಡ್ರೈವರು ಇನ್ನೂ ಕ್ಯಾಂಟೀನಿನಲ್ಲಿ ಕೈ ತೊಳೆಯುತ್ತಿದ್ದ. ಆ ಸಲ ಬಂದ ಶಿಸ್ತಿನ ನೋಟೀಸನ್ನು ಅನೌನ್ಸರ್ ಚೌಕಟ್ಟು ಹಾಕಿಸಿ ತನ್ನ ಕೋಣೆಯ ಗೋಡೆಗೆ ತೂಗುಹಾಕಿದ್ದಾನೆ.

ಆ ಕೋಣೆ ಇರುವುದು ಅವನ ಅಕ್ಕನ ಮನೆಯ ಮಹಡಿಯಲ್ಲಿ. ಕೆಳಗೆ ಅಕ್ಕ, ಭಾವ. ಭಾವ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ದುಡಿದು ಇತ್ತೀಚೆಗೆ ನಿವೃತ್ತರಾದವರು. ಅಲ್ಲಿ ಅವರಿಗೆ 'ಕಿವಿ ಫೋರ್‌ಮನ್' ಎಂದೇ ಹೆಸರು. ಕೆಟ್ಟ ಬಸ್ಸು ಎದುರಿಗಿದ್ದರೆ ಬಾನೆಟ್ ಎತ್ತಿಸುತ್ತಿದ್ದರು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ. ಕಣ್ಣು ಮುಚ್ಚಿ ಎರಡು ನಿಮಿಷ ಮೌನ. ಸುತ್ತ ನಿಂತವರೂ ಉಸಿರು ಹಿಡಿಯುತ್ತಿದ್ದರು. ಆಮೇಲೆ ಅಪ್ಪಣೆಯಾಗುತ್ತಿತ್ತು: "ಮೂರನೇ ಇಂಜೆಕ್ಟರ್." ಬಿಚ್ಚಿ ನೋಡಿದರೆ ಮೂರನೆಯದೇ. ಒಂದು ಸಲವೂ ತಪ್ಪಿದ್ದಿಲ್ಲ. ಒಂದು ದಿನವೂ ತಡವಾಗಿ ಬಂದದ್ದಿಲ್ಲ. ಎಲ್ಲರಿಗಿಂತ ಅರ್ಧ ಗಂಟೆ ಮುಂಚೆಯೇ ಡಿಪೋದಲ್ಲಿ ಹಾಜರು. ಬೀಳ್ಕೊಡುಗೆಯಲ್ಲಿ ಮೂವರು ಆ ಅರ್ಧ ಗಂಟೆಯ ಮೇಲೆಯೇ ಭಾಷಣ ಮಾಡಿದರು.

ಭಾವನ ಜಾಗಕ್ಕೆ ಬಂದವನು ಕಿವಿಯ ಗೋಜಿಗೆ ಹೋಗುವವನಲ್ಲ. ಬಸ್ಸಿಗೆ ಒಂದು ವೈರು ಚುಚ್ಚಿ ಲ್ಯಾಪ್‌ಟಾಪ್ ನೋಡುವವನು. ಬೀಳ್ಕೊಡುಗೆಯ ದಿನ ಈ ಲ್ಯಾಪ್‌ಟಾಪ್ ಫೋರ್‌ಮನ್ ಎಲ್ಲರ ಪರವಾಗಿ ಒಂದು ಪೆಟ್ಟಿಗೆ ಕೊಟ್ಟ. ಒಳಗೆ ರಿಮೋಟಿನಿಂದ ಓಡುವ ಬಗ್ಗಿ. ಯಾರೋ ಬಸ್ಸಿನಲ್ಲಿ ಮರೆತು ಹೋಗಿ, ನಿಲ್ದಾಣದ ಕಳೆದುಹೋದ ಸಾಮಾನಿನ ಕೋಣೆಯಲ್ಲಿ ಒಂಟಿ ಚಪ್ಪಲಿ, ಹಲ್ಲುಸೆಟ್ಟು, ಛತ್ರಿಗಳ ನಡುವೆ ಹದಿನೆಂಟು ವರ್ಷ ಕೊಳೆತದ್ದು. ಮೊಣಕೈಯುದ್ದದ ಗಾಡಿ, ಉಬ್ಬಿದ ಚಕ್ರ, ಮಧ್ಯೆ ನಿಂಬೆಹಣ್ಣಿನಷ್ಟು ಎಂಜಿನ್. ಬ್ಯಾಟರಿ ಗಾಡಿಯಲ್ಲ, ಇಂಧನ ಕುಡಿದು ಹೊಗೆ ಬಿಡುವ ನಿಜವಾದ ಎಂಜಿನ್.

"ಸುಮ್ನೆ ಮೋಜಿಗೆ ಸರ್," ಎಂದ ಲ್ಯಾಪ್‌ಟಾಪ್ ಫೋರ್‌ಮನ್, ಮೀಸೆಯಲ್ಲಿ ನಗುತ್ತ. "ಇದಕ್ಕೆ ವೈರು ಚುಚ್ಚೋಕೆ ಜಾಗ ಇಲ್ಲ. ನಿಮ್ಮ ಕಿವಿಯೇ ಗತಿ. ಓಡಿದ್ರೆ ಕರೀರಿ, ಎಲ್ರೂ ಬಂದು ನೋಡ್ತೀವಿ."

ಎಲ್ಲರೂ ನಕ್ಕರು. ಭಾವನೂ ನಕ್ಕರು, ಆದರೆ ಆ ನಗು ಹಲ್ಲಿನವರೆಗೆ ಬಂದು ಅಲ್ಲೇ ಪಾರ್ಕ್ ಆಯಿತು. ಪ್ರಪಂಚದ ಅತಿ ಗಂಭೀರ ಕೆಲಸಗಳೆಲ್ಲ ಶುರುವಾಗುವುದು 'ಸುಮ್ನೆ ಮೋಜಿಗೆ' ಎಂಬ ಮಾತಿನಿಂದಲೇ. ಮೋಜಿಗೆಂದು ಹಿತ್ತಲಿನ ತಗಡಿನ ಶೆಡ್ಡಿಗೆ ಹೋದ ಮನುಷ್ಯ ಮೂರು ವಾರ ಊಟಕ್ಕೆ ಮಾತ್ರ ಹೊರಗೆ ಬಂದರು, ಅದೂ ನಾಲ್ಕು ಸಲ ಕರೆದ ಮೇಲೆ.

ಹಾಗೆಂದು ಅವರಿಗೆ ಕೈಕೆಲಸ ಬರುವುದಿಲ್ಲವೆಂದಲ್ಲ. ಹಳೆಯ ಇಂಧನದೊಳಗಿನ ಹರಳೆಣ್ಣೆ ಒಣಗಿ ಪಿಸ್ಟನ್ನು ಗೋಂದು ಹಚ್ಚಿದಂತೆ ಅಂಟಿತ್ತು. ಹೆಂಡತಿಯ ಹೇರ್ ಡ್ರೈಯರ್ ತಂದು ಬಿಸಿಗಾಳಿ ಊದಿ ಬಿಡಿಸಿದರು. (ಆ ಡ್ರೈಯರ್ ಆಮೇಲೆ ಮನೆಯೊಳಗೆ ಬರಲಿಲ್ಲ; ಅದರ ಹರಳೆಣ್ಣೆ ವಾಸನೆ ಮಾತ್ರ ಬಂತು.) ಕಡ್ಡಿಯಂತಾಗಿದ್ದ ಇಂಧನದ ಟ್ಯೂಬು ಬದಲಾಯಿಸಿದರು, ಹೊಸ ಇಂಧನ ತಂದು ಹಾಕಿದರು. ಸ್ಟಾರ್ಟ್ ಮಾಡಲು ಒಂದು ಹಗ್ಗ ಎಳೆಯಬೇಕು. ಎಳೆದರು. ಸರ್ರ್. ಮತ್ತೆ ಎಳೆದರು. ಸರ್ರ್. ಎಂಟು ದಿನ ಎಳೆದರು. ಭುಜ ನೋವಿಗೆ ಮುಲಾಮು ಬಂತೇ ಹೊರತು ಎಂಜಿನ್ನಿಗೆ ಜೀವ ಬರಲಿಲ್ಲ.

ಒಂದು ಸಂಜೆ ಕಾಫಿಗೆ ಕರೆಯಲು ಅನೌನ್ಸರ್ ಹಿತ್ತಲಿಗೆ ಹೋದ. ಶೆಡ್ಡಿನೊಳಗಿಂದ ಸರ್ರ್ ಕೇಳಿಸಿತು, ಅದರ ಹಿಂದೆಯೇ ಭಾವನ ಗೊಣಗು: "ಒಂದು ಸಲ ಕೆಮ್ಮೋ ಮಾರಾಯ. ಒಂದೇ ಒಂದು ಸಲ ಕೆಮ್ಮು. ಏನಾಗಿದೆ ಅಂತ ಹೇಳ್ಬಿಡ್ತೀನಿ." ಅಲ್ಲೇ ಗೋಡೆಯಲ್ಲಿ ಹಿಂದೆಂದೋ ಬಟ್ಟೆ ಒಗೆಯುವ ಮೆಷೀನಿನ ನೀರು ಹೋಗಲು ಹಾಕಿದ್ದ ಪೈಪಿತ್ತು. ಅದರ ಒಂದು ಬಾಯಿ ಹೊರಗೆ, ಇನ್ನೊಂದು ಭಾವ ಕೆಲಸ ಮಾಡುವ ಮೇಜಿನ ಕೆಳಗೆ.

ದೇವರು ಕೆಲವರಿಗೆ ಬುದ್ಧಿ ಕೊಡುತ್ತಾನೆ, ಕೆಲವರಿಗೆ ಪೈಪು ತೋರಿಸುತ್ತಾನೆ. ಅನೌನ್ಸರ್ ಕುಕ್ಕರುಗಾಲಿನಲ್ಲಿ ಕೂತು, ಮುಂದಿನ ಸರ್ರ್‌ಗೆ ಕಾದು, ಪೈಪಿನೊಳಗೆ ಒಂದು ಸಣ್ಣ ಬಸ್ಸನ್ನು ಕೆಮ್ಮಿದ.

"ಖೊಗ್!"

ಒಳಗೆ ಸ್ಕ್ರೂಡ್ರೈವರ್ ನೆಲಕ್ಕೆ ಬಿದ್ದ ಸದ್ದು.

"ಲೇ ಇವಳೇ!" ಭಾವ ಕೂಗಿದರು. "ಬದುಕಿದೆ ಕಣೇ! ಕೆಮ್ಮಿತು!"

ಅಲ್ಲಿಗೇ ನಿಲ್ಲಿಸಿದ್ದರೆ ಅದು ತಮಾಷೆಯಾಗುತ್ತಿತ್ತು, ಕಥೆಯಾಗುತ್ತಿರಲಿಲ್ಲ. ಮರುದಿನ ಭಾವ ಹಳೇ ಗತ್ತಿನಲ್ಲೇ ಕೆಲಸಕ್ಕೆ ಇಳಿದರು. ಸ್ಕ್ರೂಡ್ರೈವರಿನ ಹಿಡಿ ಕಿವಿಗೆ, ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ಹಗ್ಗ. ಎಂಜಿನ್ನಿನ ಮಗ್ಗುಲಲ್ಲಿ ಎರಡು ಪುಟ್ಟ ಸ್ಕ್ರೂಗಳಿದ್ದವು, ಎಷ್ಟು ಗಾಳಿಗೆ ಎಷ್ಟು ಇಂಧನ ಎಂದು ಹೊಂದಿಸಲು. ಭಾವ ಎಷ್ಟು ಸುತ್ತೆಂದು ಗಟ್ಟಿಯಾಗಿ ಎಣಿಸುತ್ತ ಒಂದನ್ನು ಸ್ವಲ್ಪ ತಿರುಗಿಸಿ ಹಗ್ಗ ಎಳೆಯುತ್ತಿದ್ದರು. ಹೊರಗಿನಿಂದ ಬಾಮೈದ ಎರಡು ಗುಡುಗುಡು ಕೊಡುತ್ತಿದ್ದ. ಇನ್ನಷ್ಟು ತಿರುಗಿಸಿದರೆ ನಾಲ್ಕು ಗುಡುಗುಡು. ಜಾಸ್ತಿಯಾಯಿತೆನಿಸಿದರೆ ಕೊನೆಯಲ್ಲೊಂದು ಬಿಕ್ಕಳಿಕೆ. ಭಾವ ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: 'ಮುಕ್ಕಾಲು ಸುತ್ತಿಗೆ ಬಿಕ್ಕಳಿಕೆ.' ಮೂವತ್ತೊಂದು ವರ್ಷ ಬಸ್ಸು ಕೇಳಿದ ಕಿವಿ, ಈಗ ಬಾಮೈದನನ್ನು ಟ್ಯೂನ್ ಮಾಡುತ್ತಿತ್ತು.

ಊಟಕ್ಕೆ ಕೂತಾಗ ಅನೌನ್ಸರ್ ಏನೂ ಅರಿಯದವನಂತೆ ಕೇಳಿದ, "ಅಲ್ಲ ಭಾವ, ಎಂಜಿನ್ ಅಷ್ಟು ಸದ್ದು ಮಾಡುತ್ತೆ, ಹೊಗೆನೇ ಬರಲ್ವಲ್ಲ?"

"ಶುದ್ಧವಾಗಿ ಉರೀತಿದೆ ಕಣಯ್ಯ. ಹೊಗೆ ಬರೋದು ಕೆಟ್ಟ ಎಂಜಿನ್ನಿಗೆ."

"ಆ ನೆತ್ತಿ ಮೇಲಿನ ಪ್ಲಗ್ ಒಂದ್ಸಲ ಬಿಚ್ಚಿ ನೋಡಿದ್ರೇನ್ರೀ?" ಎಂದಳು ಅಕ್ಕ. ಪೆಟ್ಟಿಗೆಯಲ್ಲೇ ಬಂದಿದ್ದ ಎಂಜಿನ್ನಿನ ಕೈಪಿಡಿ ಮೂರು ವಾರದಿಂದ ಅಡುಗೆಮನೆಯ ಕಿಟಕಿಯಲ್ಲಿ ಬಿದ್ದಿತ್ತು. ಆ ಮನೆಯಲ್ಲಿ ಅದನ್ನು ಓದಿದವಳು ಅವಳೊಬ್ಬಳೇ.

ಭಾವ ಕನಿಕರದಿಂದ ನಕ್ಕರು. "ಪ್ಲಗ್ ಸತ್ತಿದ್ರೆ ಎಂಜಿನ್ ಹೇಗೆ ಕೆಮ್ಮುತ್ತೆ? ಕೆಮ್ಮಿತು ಅಂದ್ರೆ ಪ್ಲಗ್ ಸರಿ ಇದೆ ಅಂತಲೇ ಅರ್ಥ. ಉಸಿರಾಡೋನ ಮೂಗು ಕುಯ್ದು ನೋಡ್ತಾರೇನೇ?"

ತರ್ಕದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಕೆಮ್ಮಿನಲ್ಲಿ. ಅನೌನ್ಸರ್ ತುತ್ತು ಗಂಟಲಿಗೆ ಸಿಕ್ಕಿ ನಿಜವಾಗಿಯೇ ಕೆಮ್ಮಿದ. ಅಕ್ಕ ನೀರಿನ ಲೋಟ ಮುಂದಕ್ಕೆ ತಳ್ಳಿ, ಅವನನ್ನೇ ನೋಡುತ್ತ ಎದ್ದು ಹೋದಳು.

ಬುಧವಾರ ಭಾವ ಫೋನು ತೆಗೆದುಕೊಂಡರು. ಪೈಪಿನ ಪಕ್ಕ ಕೂತಿದ್ದವನಿಗೆ ಎಲ್ಲವೂ ಕೇಳಿಸಿತು. "ಏನಪ್ಪಾ ಲ್ಯಾಪ್‌ಟಾಪು? ಭಾನುವಾರ ಹತ್ತು ಗಂಟೆಗೆ ನೀರಿನ ಟ್ಯಾಂಕ್ ಹಿಂದಿನ ಮೈದಾನಕ್ಕೆ ಬಾ. ಡಿಪೋದೋರನ್ನೂ ಕರ್ಕೊಂಡು ಬಾ. ಹೂಂ, ಓಡುತ್ತೆ. ಕಿವಿಯಲ್ಲೇ ರೆಡಿ ಮಾಡಿದ್ದೀನಿ."

ಅನೌನ್ಸರನ ಬಾಯಿ ಪೈಪಿನ ಬಾಯಿಗಿಂತ ಅಗಲವಾಯಿತು. ಮೈದಾನದಲ್ಲಿ ಪೈಪಿಲ್ಲ, ಗೋಡೆಯಿಲ್ಲ. ಅಲ್ಲಿ ಹಗ್ಗ ಎಳೆದರೆ ಸರ್ರ್. ಇಡೀ ಡಿಪೋದ ಎದುರು ಸರ್ರ್. ಆ ಲ್ಯಾಪ್‌ಟಾಪು ಮೀಸೆಯಲ್ಲಿ ನಗುತ್ತಾನೆ, ಮೂವತ್ತೊಂದು ವರ್ಷದ ಹೆಸರು ಮೂರು ಎಳೆತದಲ್ಲಿ ಹೋಗುತ್ತದೆ. ಅವನು ಎದ್ದು ತಿರುಗಿದರೆ ಹಿಂದೆ ಅಕ್ಕ, ಸೊಂಟದ ಮೇಲೆ ಕೈಯಿಟ್ಟು.

"ನಿಂಗೆ ನಾಲ್ಕು ವರ್ಷ ಆಗಿದ್ದಾಗ ನಾಯಿಕೆಮ್ಮು ಬಂದಿತ್ತು," ಎಂದಳು ಪಿಸುದನಿಯಲ್ಲಿ. "ಮೂರು ತಿಂಗಳು ಹೆಗಲ ಮೇಲೆ ಹಾಕ್ಕೊಂಡು ತಿರುಗಿದ್ದು ನಾನು. ಅವರಿಗೆ ಎಂಜಿನ್ ಅನ್ಸಿರಬಹುದು. ನಿನ್ನ ಕೆಮ್ಮು ನಂಗೆ ಗೊತ್ತಾಗಲ್ವೇನೋ ಕೋತಿ?"

"ಮೊದಲೇ ಗೊತ್ತಿತ್ತಾ? ಮತ್ತೆ ಯಾಕಕ್ಕ ಹೇಳ್ಲಿಲ್ಲ?"

"ರಿಟೈರ್ ಆದ್ಮೇಲೆ ಆ ಮನುಷ್ಯ ಮೊದಲ ಸಲ ಸಿಳ್ಳೆ ಹಾಕ್ಕೊಂಡು ಸ್ನಾನಕ್ಕೆ ಹೋದ್ರು. ಹೇಗೋ ಹೇಳಲಿ? ಈಗ ಬಾಯಲ್ಲಿ ಓಡಿಸಿದ್ದನ್ನ ಕೈಯಲ್ಲಿ ಓಡಿಸು. ಶನಿವಾರ ಸಂಜೆ ಅವರು ಕಟಿಂಗಿಗೆ ಹೋಗ್ತಾರೆ. ಒಂದು ಗಂಟೆ ಸಿಗುತ್ತೆ."

ಶನಿವಾರ ಸಂಜೆ ಭಾವ ಗೇಟು ದಾಟಿದ ಕೂಡಲೇ ಅಕ್ಕ, ತಮ್ಮ ಇಬ್ಬರೂ ಶೆಡ್ಡಿಗೆ ನುಗ್ಗಿದರು. ಅನೌನ್ಸರನಿಗೆ ಎಂಜಿನ್ನು ಗೊತ್ತಿದ್ದದ್ದು ಗಂಟಲಿನಿಂದ ಮೇಲಕ್ಕೆ ಮಾತ್ರ. ಸ್ಪ್ಯಾನರನ್ನು ಅವನು ಮೈಕಿನಂತೆ ಹಿಡಿದುಕೊಂಡಿದ್ದ. ಅಕ್ಕ ಕೈಪಿಡಿ ಬಿಡಿಸಿ ಓದುತ್ತ ಹೋದಳು, ಅವನು ಮಾಡುತ್ತ ಹೋದ. ನೆತ್ತಿಯ ಪ್ಲಗ್ ಬಿಚ್ಚಿದ. ಅದರೊಳಗೆ ಕೂದಲೆಳೆಯಂಥ ಒಂದು ಸುರುಳಿ. ಬ್ಯಾಟರಿಯ ಕ್ಲಿಪ್ ಸಿಕ್ಕಿಸಿದರೆ ಆ ಸುರುಳಿ ಕೆಂಡದಂತೆ ಹೊಳೆಯಬೇಕು, ಆ ಕೆಂಡಕ್ಕೇ ಇಂಧನ ಹತ್ತಿಕೊಳ್ಳಬೇಕು. ಸಿಕ್ಕಿಸಿದ. ಕತ್ತಲೆ.

"ಬಲ್ಬು ಹೋಗಿದೆ," ಎಂದಳು ಅಕ್ಕ. ಮೂರು ವಾರದ ಸಂಶೋಧನೆ ಎರಡು ಪದದಲ್ಲಿ ಮುಗಿಯಿತು.

ಆಟದ ಮಾಡೆಲ್ಲುಗಳ ಅಂಗಡಿಯಿಂದ ಅವಳು ಆಗಲೇ ಹೊಸ ಪ್ಲಗ್ ತಂದಿಟ್ಟಿದ್ದಳು. ಕ್ಲಿಪ್ ಸಿಕ್ಕಿಸಿದರೆ ಕಿತ್ತಳೆ ಬಣ್ಣಕ್ಕೆ ಹೊಳೆಯಿತು. ಭಾವ ಬಿಕ್ಕಳಿಕೆಯ ಲೆಕ್ಕದಲ್ಲಿ ತಿರುಗಿಸಿಟ್ಟಿದ್ದ ಎರಡೂ ಸ್ಕ್ರೂಗಳನ್ನು ಕೈಪಿಡಿ ಹೇಳಿದ ಜಾಗಕ್ಕೆ ತಂದರು. ಎಂಜಿನ್ನಿನೊಳಗೆ ಮೂರು ವಾರದ ಇಂಧನ ತುಂಬಿ ನಿಂತಿತ್ತು. ಪ್ಲಗ್ ಇಲ್ಲದೆ ಹಗ್ಗ ಎಳೆದು ಅದನ್ನು ಹೊರಗೆ ಹಾಕಬೇಕೆಂದು ಬರೆದಿತ್ತು. 'ಮುಖ ದೂರವಿರಲಿ' ಎಂದೂ ಬರೆದಿತ್ತು, ಆದರೆ ಅದು ಮುಂದಿನ ಪುಟದಲ್ಲಿತ್ತು. ಅನೌನ್ಸರ್ ಎಳೆದ. ಚಿಳ್ ಎಂದು ಹಾರಿದ ಕಾರಂಜಿ ಹುಬ್ಬು, ಮೂಗು, ತೆರೆದ ಬಾಯಿ ಯಾವುದನ್ನೂ ಬಿಡಲಿಲ್ಲ.

"ಥೂ! ಹರಳೆಣ್ಣೆ!"

"ಚಿಕ್ಕೋನಾಗಿದ್ದಾಗ ಒಂದು ಚಮಚ ಕುಡಿಸೋಕೆ ಮನೆ ತುಂಬ ಅಟ್ಟಿಸ್ಕೊಂಡು ಓಡಿದ್ದೆ," ಎಂದಳು ಅಕ್ಕ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. "ಬಾಕಿ ಇಟ್ಟಿದ್ದು ಈಗ ತಲುಪ್ತು."

ಹೊಸ ಪ್ಲಗ್ ಬಿಗಿದು, ಇನ್ನೇನು ಸ್ಟಾರ್ಟ್ ಮಾಡಿ ನೋಡಬೇಕು ಎನ್ನುವಷ್ಟರಲ್ಲಿ ಗೇಟು ಕಿರ್ರೆಂದಿತು. ಇಬ್ಬರೂ ಸ್ಪ್ಯಾನರ್ ಎಸೆದು ಓಡಿದರು. ಎಂಜಿನ್ ಓಡುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ, ಭಾವನನ್ನು ಬಿಟ್ಟು. ಅವರಿಗೆ ಖಾತ್ರಿಯಿತ್ತು.

ಭಾನುವಾರ ಮೈದಾನದಲ್ಲಿ ಡಿಪೋದ ಹದಿನೈದು ಜನ ಸೇರಿದ್ದರು. ಲ್ಯಾಪ್‌ಟಾಪ್ ಫೋರ್‌ಮನ್ ಲ್ಯಾಪ್‌ಟಾಪಿನ ಸಮೇತ ಬಂದಿದ್ದ. "ಬೇಕಾಗಬಹುದು ಅಂತ ತಂದೆ ಸರ್," ಎಂದ. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಸ ಕಟಿಂಗಿನಲ್ಲಿ ಕಿವಿಗಳೆರಡೂ ಎದ್ದು ಕಾಣುವಂತೆ ಬಂದರು. ಬಗ್ಗಿಯನ್ನು ಒಂದು ಕಲ್ಲಿನ ಮೇಲಿಟ್ಟು ಸ್ಕ್ರೂಗಳತ್ತ ಕೈ ಚಾಚಿದರು.

"ರೀ, ಎಲ್ಲ ಸರಿ ಮಾಡಿಟ್ಟಿದ್ದೀರಲ್ಲ, ಮತ್ತೆ ಯಾಕೆ ಮುಟ್ತೀರಿ?" ಎಂದಳು ಅಕ್ಕ. ಕೈ ಹಿಂದೆ ಬಂತು. ಅನೌನ್ಸರ್ ಬಿಟ್ಟ ಉಸಿರಿಗೆ ಪಕ್ಕದವನ ಟೋಪಿ ಅಲುಗಿತು.

ಕ್ಲಿಪ್ ಸಿಕ್ಕಿಸಿದರು. ಸ್ಕ್ರೂಡ್ರೈವರ್ ಕಿವಿಗೆ. ಕಣ್ಣು ಮುಚ್ಚಿದರು. ಒಂದು ಎಳೆತ: ಸರ್ರ್. ಲ್ಯಾಪ್‌ಟಾಪಿನ ಮೀಸೆ ಒಂದು ಕಡೆಗೆ ಎದ್ದಿತು. ಎರಡನೆಯದು: ಸರ್ರ್. ಮೀಸೆ ಇನ್ನೊಂದು ಕಡೆಗೂ ಎದ್ದಿತು. ಮೂರನೆಯದು—

"ಟ್ರೀಂಂಂಂಂಂ!"

ಸಾವಿರ ಸೊಳ್ಳೆಗಳು ಒಟ್ಟಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋದಂಥ ಸದ್ದು. ನೀಲಿ ಹೊಗೆ ಎದ್ದಿತು. ಡಿಪೋದವರು ಚಪ್ಪಾಳೆ ತಟ್ಟಿದರು, ಮೀಸೆ ಕೆಳಗಿಳಿಯಿತು, ಅಕ್ಕ ತಮ್ಮನ ಬೆನ್ನಿಗೆ ಒಂದು ಸಂತೋಷದ ಗುದ್ದು ಕೊಟ್ಟಳು.

ಭಾವ ಮಾತ್ರ ಮುಖ ಸಿಂಡರಿಸಿದರು. ಇಂಧನದ ಟ್ಯೂಬನ್ನು ಬೆರಳಿನಲ್ಲಿ ಹಿಚುಕಿ ಎಂಜಿನ್ ಆರಿಸಿಬಿಟ್ಟರು.

"ಯಾಕ್ ಸಾರ್? ಓಡ್ತಿತ್ತಲ್ಲ!" ಎಂದ ಲ್ಯಾಪ್‌ಟಾಪ್ ಫೋರ್‌ಮನ್.

"ಇದು ನನ್ನ ಎಂಜಿನ್ನಿನ ಶಬ್ದ ಅಲ್ಲ. ಮೊನ್ನೆವರೆಗೂ ಗುಂಡಗೆ ಗುಡುಗುಡು ಅಂತಿತ್ತು. ಇದೇನಿದು, ಬಾಲ ತುಳಿದ ಬೆಕ್ಕಿನ ಹಾಗೆ? ಯಾರೋ ಕೈ ಆಡಿಸಿದ್ದಾರೆ." ಭಾವ ಜೇಬಿನಿಂದ ನೋಟ್‌ಬುಕ್ ತೆಗೆದು ಪುಟ ತಿರುವಿದರು. "ತಾಳಿ, ಐದೇ ನಿಮಿಷ. ಹಳೇ ಜಾಗಕ್ಕೆ ತರ್ತೀನಿ."

ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಮೇಲೆ ಕೂತಿತು. ಮುಕ್ಕಾಲು ಸುತ್ತು ತಿರುಗಿದರೆ ಎಂಜಿನ್ ಮತ್ತೆ ಹೆಣ, ಅದೂ ಈ ಸಲ ಹದಿನೈದು ಸಾಕ್ಷಿಗಳ ಎದುರು. ಅಕ್ಕನ ಮೊಣಕೈ ಅನೌನ್ಸರನ ಪಕ್ಕೆಗೆ ಚುಚ್ಚಿತು. ಅತ್ತ ದರಿ, ಇತ್ತ ಪುಲಿ, ಪಕ್ಕದಲ್ಲಿ ಅಕ್ಕ. ಹೇಳಬೇಕೆಂದು ಬಾಯಿ ತೆರೆದ; ಆದರೆ ನಿಲ್ದಾಣಕ್ಕೆಲ್ಲ ಕೇಳುವ ಆ ಬಾಯಿಗೆ ಒಂದು ಪದವೂ ಸಿಗಲಿಲ್ಲ. ಸಿಕ್ಕಿದ್ದು ಒಂದೇ.

"ಖೊಗ್... ಖೊಗ್... ಗುಡುಗುಡುಗುಡು..."

"ಹಾಂ! ಇದೇ!" ಭಾವ ಕಣ್ಣು ಮುಚ್ಚಿ ಬೆರಳೆತ್ತಿದರು. "ಇದೇ ನೋಡಿ ನನ್ನ ಎಂಜಿನ್! ಕೇಳಿ, ಕೇಳಿ, ಈಗೊಂದು ಬಿಕ್ಕಳಿಕೆ ಬರುತ್ತೆ."

ಅನೌನ್ಸರ್ ವಿಧೇಯನಾಗಿ ಬಿಕ್ಕಳಿಸಿದ.

ಭಾವ ಕಣ್ಣು ತೆರೆದರು. ಕಲ್ಲಿನ ಮೇಲೆ ಬಗ್ಗಿ ತೆಪ್ಪಗಿತ್ತು. ಎದುರಿಗೆ ಬಾಮೈದ ಕೆನ್ನೆ ಉಬ್ಬಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೂ ಗುಡುಗುಟ್ಟುತ್ತಿದ್ದ. ಭಾವನ ಕಿವಿ ಮೊದಲು ತುದಿಯಲ್ಲಿ ಕೆಂಪಾಯಿತು, ಆಮೇಲೆ ಬುಡದವರೆಗೆ.

"ಪೈಪು?" ಎಂದರು ಭಾವ, ಬಹಳ ಮೆಲ್ಲಗೆ.

"ಪೈಪು, ಭಾವ."

"ಅಷ್ಟು ದಿನವೂ?"

"ಮಂಗಳವಾರ ಒಂದಿನ ಗಂಟಲು ಕೆಟ್ಟಿತ್ತು."

"ಮಂಗಳವಾರ... ಅದಕ್ಕೇ 'ಎಂಜಿನ್ನಿಗೆ ಶೀತ' ಅಂತ ಬರ್ಕೊಂಡಿದ್ದೀನಿ." ಭಾವ ನೋಟ್‌ಬುಕ್ ನೋಡಿದರು, ಬಾಮೈದನನ್ನು ನೋಡಿದರು. ಇಸ್ತ್ರಿಯ ಅಂಗಿಯ ಕೆಳಗೆ ಹೊಟ್ಟೆ ಅಲುಗಿತು. ಅಳುತ್ತಾರೆಂದು ಹೆದರಿ ಅನೌನ್ಸರ್ ಒಂದು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಆ ಹೊಟ್ಟೆಯೊಳಗಿಂದ ನಗು ಸ್ಟಾರ್ಟ್ ಆಯಿತು, ಒಂದೇ ಎಳೆತಕ್ಕೆ. ಅವರು ಕಲ್ಲು ಹಿಡಿದು ಕುಸಿದು ಕೂತರು.

"ಮೂವತ್ತೊಂದು ವರ್ಷ ಕಣ್ರಯ್ಯ!" ನಗುವಿನ ಮಧ್ಯೆ ಮಾತು ಬಿಕ್ಕಿ ಬಿಕ್ಕಿ ಬಂತು. "ಮೂವತ್ತೊಂದು ವರ್ಷ ನಿಮ್ಮೆಲ್ಲರ ಕಿವಿ ಮೇಲೆ ಹೂವಿಟ್ಟೆ! ರಾತ್ರಿ ಪಾಳಿ ಮೆಕ್ಯಾನಿಕ್ಕು ಎಲ್ಲ ಬಸ್ಸೂ ನೋಡಿ, ಯಾವುದಕ್ಕೆ ಏನಾಗಿದೆ ಅಂತ ಪುಸ್ತಕದಲ್ಲಿ ಬರೆದಿಟ್ಟು ಮನೆಗೆ ಹೋಗ್ತಿದ್ದ. ನಾನು ಅರ್ಧ ಗಂಟೆ ಮುಂಚೆ ಬಂದು ಅದನ್ನ ಓದ್ಕೊಳ್ತಿದ್ದೆ. ಆಮೇಲೆ ಕಣ್ಣು ಮುಚ್ಚೋದು! ಮೂರನೇ ಇಂಜೆಕ್ಟರ್ ಅನ್ನೋದು!"

"ನಿಮ್ಮ ನಿಷ್ಠೆ ಮೇಲೆ ನಾನೇ ಭಾಷಣ ಮಾಡಿದ್ನಲ್ಲ ಸಾರ್!" ಎಂದು ಹಿಂದಿನಿಂದ ಒಬ್ಬ ಅಳುದನಿಯಲ್ಲಿ ಕೂಗಿದ.

"ಚೆನ್ನಾಗಿ ಮಾಡಿದ್ದೆ ಕಣೋ, ನಂಗೇ ನಂಬಿಕೆ ಬಂದ್ಬಿಡ್ತು! ಪುಸ್ತಕ ಇಲ್ದೆ, ಬರೀ ಕಿವಿಯಿಂದ, ಜೀವಮಾನದಲ್ಲಿ ಮೊದಲ ಸಲ ಒಂದು ಎಂಜಿನ್ನಿನ ಮಾತು ಅರ್ಥವಾಯ್ತು ಅಂತ ಹಿಗ್ಗಿ ಹೀರೇಕಾಯಿ ಆಗಿದ್ದೆ. ನೋಡಿದ್ರೆ ಇವನ ಗಂಟಲು!"

ಈಗ ಎಲ್ಲರ ಕಣ್ಣೂ ಲ್ಯಾಪ್‌ಟಾಪ್ ಫೋರ್‌ಮನ್ನಿನ ಮೇಲೆ. ನಗಲು ಅವನಿಗಿಂತ ಹಕ್ಕಿದ್ದವರು ಯಾರಿದ್ದರು? ಆದರೆ ಅವನು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನೆಲ ನೋಡುತ್ತಿದ್ದ.

"ಸರ್," ಎಂದ, ತುಟಿ ಕಚ್ಚಿಕೊಂಡು. "ಆ ಪುಸ್ತಕ ಇನ್ನೂ ಅದೇ ಕಪಾಟಲ್ಲೇ ಇದೆ."

"ಅಂದ್ರೆ?"

"ನಾನೂ ಅರ್ಧ ಗಂಟೆ ಮುಂಚೆನೇ ಬರ್ತೀನಿ ಸರ್. ಓದ್ಕೊಂಡು, ಆಮೇಲೆ ವೈರು ಚುಚ್ತೀನಿ."

ಮೈದಾನವಿಡೀ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಭಾಷಣ ಮಾಡಿದವನು ಹುಲ್ಲಿನ ಮೇಲೆ ಉರುಳಿದ. ಅನೌನ್ಸರ್ ನಗಲು ಹೋಗಿ ಕೆಮ್ಮಿದ, ಕೆಮ್ಮಿದ್ದಕ್ಕೆ ಮತ್ತೆ ಎಲ್ಲರೂ ನಕ್ಕರು. ಗಂಡಸರೆಲ್ಲ ಹೀಗೆ ಕೆಟ್ಟು ನಿಂತಿರುವಾಗ ಅಕ್ಕ ಸೆರಗು ಸಿಕ್ಕಿಸಿ, ಕ್ಲಿಪ್ ಹಾಕಿ, ಒಂದೇ ಸಲ ಹಗ್ಗ ಎಳೆದು ಬಗ್ಗಿಯನ್ನು ನೆಲಕ್ಕೆ ಬಿಟ್ಟಳು. ರಿಮೋಟು ಅವಳ ಕೈಯಲ್ಲಿತ್ತು. ನೀಲಿ ಹೊಗೆಯ ಬಾಲ ಎಳೆಯುತ್ತ ಅದು ಟ್ಯಾಂಕಿನವರೆಗೆ ಹೋಗಿ, ಧೂಳೆಬ್ಬಿಸಿ ತಿರುಗಿ, ಕಲ್ಲಿಗೊರಗಿ ಕೂತ ಭಾವನ ಸುತ್ತ ಕಿರುಚುತ್ತ ಸುತ್ತತೊಡಗಿತು.

"ರೀ, ಶಬ್ದ ಸರಿಯಾಗಿದೆಯೇನ್ರೀ?" ಎಂದು ಅವಳು ಕೂಗಿ ಕೇಳಿದಳು.

ಭಾವನಿಗೆ ಕೇಳಿಸಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡು, ಆ ಎಂಜಿನ್ನಿಗಿಂತ ಜೋರಾಗಿ ನಗುತ್ತಿದ್ದರು.